ಪರದೇಶದ ವಿದ್ಯಾರ್ಥಿಯೂ ಪ್ರಥಮ ಪತ್ರವೂ

ಈಚಿನ ವರ್ಷಗಳಲ್ಲಿ ಕನ್ನಡ ನಾಡಿನ ವಿದ್ಯಾವಂತ ಕುಟುಂಬಗಳಿಂದ ಯೂರೋಪು ಖಂಡಕ್ಕೆ, ಅದರಲ್ಲಿಯೂ ಜರ್ಮನಿ ದೇಶಕ್ಕೆ, ಉಚ್ಚ ವ್ಯಾಸಂಗಕ್ಕಾಗಿ ತೆರಳುವ ತರುಣ ತರುಣಿಯರು ಹೆಚ್ಚುತ್ತಿದ್ದಾರೆ. 2023–24ರ ಚಳಿಗಾಲದ ಪಾಠಾವಧಿಯಲ್ಲಿ ಜರ್ಮನಿಯ ವಿದ್ಯಾಪೀಠಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 49 ಸಾವಿರ. ಆ ವರ್ಷ ಅಲ್ಲಿದ್ದ ಪರದೇಶೀಯ ವಿದ್ಯಾರ್ಥಿಗಳಲ್ಲಿ ಇವರದೇ ಎಲ್ಲಕ್ಕಿಂತ ದೊಡ್ಡ ಸಮೂಹವಾಗಿದ್ದಿತು. ವಿದ್ಯೆಯನ್ನರಸಿ ಸಮುದ್ರವನ್ನು ದಾಟುವುದು ಪ್ರಶಂಸನೀಯವೇ ಸರಿ. ಸಮುದ್ರಯಾನವು ನಿಷಿದ್ಧವೆಂದು ವಾದಿಸುತ್ತಿದ್ದ ಕಾಲವು ಕಳೆದುಹೋಯಿತು. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಆದರೆ ಈ ಯಾತ್ರೆಯ ಜೊತೆಯಲ್ಲಿಯೇ ಬೆಳೆದುಬಂದಿರುವ ಒಂದು ಬರವಣಿಗೆಯ ಪದ್ಧತಿಯನ್ನು ಕುರಿತು ಕೆಲವು ಕಟುವಾದ ಮಾತುಗಳನ್ನಾಡುವುದು ಅವಶ್ಯವಾಗಿದೆ.

ವಿದ್ಯಾರ್ಥಿಯು ಪರದೇಶವನ್ನು ಮುಟ್ಟಿದ ಎರಡು ಮೂರು ತಿಂಗಳುಗಳೊಳಗಾಗಿ ಬರೆಯುವ ಪ್ರಥಮ ಪತ್ರವೇ ಆ ಪದ್ಧತಿ. ಅದು ಮೊದಲು ದೂರವಾಣಿಯ ಮೂಲಕ ಚಿತ್ರಗಳ ರೂಪದಲ್ಲಿ ಮನೆಗೆ ಬರುವುದು, ತಂದೆತಾಯಿಗಳು ಅದನ್ನು ಬಂಧುಗಳಿಗೆ ತೋರಿಸುವರು, ಬಂಧುಗಳು ಹೊಗಳುವರು, ಕಡೆಗೆ ಅದೇ ವಿಸ್ತಾರಗೊಂಡು ಯಾವುದಾದರೊಂದು ಪತ್ರಿಕೆಯಲ್ಲಿ ಪ್ರವಾಸಲೇಖನವೆಂಬ ಹೆಸರಿನಿಂದ ಅಚ್ಚಾಗುವುದು. ಇಂಥ ಹತ್ತು ಲೇಖನಗಳನ್ನು ಓದಿದವರಿಗೆ ಹನ್ನೊಂದನೆಯದನ್ನು ಓದುವ ಶ್ರಮವಿಲ್ಲ. ಬೀದಿಗಳು ಕನ್ನಡಿಯಂತಿವೆ, ರೈಲುಗಳನ್ನು ನೋಡಿ ಗಡಿಯಾರವನ್ನು ಸರಿಪಡಿಸಿಕೊಳ್ಳಬಹುದು, ಹಳೆಯ ಕಟ್ಟಡಗಳನ್ನು ಕಣ್ಣಿನಂತೆ ಕಾಪಾಡಿದ್ದಾರೆ, ಇಂತಿಂಥ ದೇವಾಲಯದ ಶಿಖರವು ಇಷ್ಟು ಮೀಟರು, ಅದಕ್ಕೆ ಇಷ್ಟು ಮೆಟ್ಟಿಲು. ಅನಂತರ ಉಪಸಂಹಾರವು ಎರಡರಲ್ಲೊಂದು ಬಗೆಯದು: 'ಅಯ್ಯೋ, ನಮ್ಮ ದೇಶವು ಎಂದಿಗೆ ಹೀಗಾದೀತು!' ಎಂಬುದೊಂದು. 'ಎಲ್ಲವೂ ಇದೆ, ಆದರೆ ಇಲ್ಲಿ ಮುದುಕರು ಒಂಟಿಯಾಗಿ ಬಾಳುತ್ತಾರೆ. ಮಮತೆಯೆಂಬುದು ನಮ್ಮಲ್ಲಿ ಮಾತ್ರ' ಎಂಬುದಿನ್ನೊಂದು. ಮೊದಲನೆಯವನು ತಾಯ್ನಾಡನ್ನು ಹಳಿಯುವನು, ಎರಡನೆಯವನು ಆತಿಥ್ಯವಿತ್ತ ನಾಡನ್ನು ಹಳಿಯುವನು. ದುಡುಕು ಇಬ್ಬರಲ್ಲಿಯೂ ಸಮಾನ.

ಇದಕ್ಕೆ ಆಕ್ಷೇಪವುಂಟು. 'ಹುಡುಗನು ಕಂಡುದನ್ನು ಕಂಡಂತೆ ಬರೆದರೆ ದೋಷವೇನು? ಮೊದಲ ನೋಟದಲ್ಲಿರುವ ಹೊಸತನವು ಹತ್ತು ವರ್ಷ ನೆಲೆಸಿದವನ ನೋಟದಲ್ಲಿ ಇರಲಾರದು. ದೇಶಾಟನದಿಂದ ಬುದ್ಧಿಯು ವಿಕಾಸಗೊಳ್ಳುವುದೆಂದು ಹಿರಿಯರೇ ಹೇಳಿಲ್ಲವೆ?' ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪತಕ್ಕದ್ದೆ. ಅಲ್ಲಿಯೇ ಹುಟ್ಟಿ ಬೆಳೆದವನಿಗೆ ತನ್ನ ಬೀದಿಯೇ ಕಾಣಿಸದು; ಹೊಸಬನಿಗೆ ಬಾಗಿಲ ಹಿಡಿಯೂ ಕಾಣಿಸುವುದು. ಆದರೆ ಕಾಣಿಸುವುದು ಬೇರೆ, ತಿಳಿಯುವುದು ಬೇರೆ. ತಾರ್ಕಿಕರು ಪ್ರತ್ಯಕ್ಷವನ್ನೇ ಎರಡಾಗಿ ವಿಂಗಡಿಸಿರುವರು. ವಸ್ತುವು ಕಣ್ಣಿಗೆ ಬಿದ್ದರೂ ಇದು ಇಂಥದೆಂದು ವಿಶೇಷಣದೊಡನೆ ಗೊತ್ತಾಗದಿರುವುದು ನಿರ್ವಿಕಲ್ಪಕ, ಗೊತ್ತಾದುದು ಸವಿಕಲ್ಪಕ. ಪ್ರಥಮ ಪತ್ರದ ಅಪರಾಧವೆಂದರೆ ನಿರ್ವಿಕಲ್ಪಕ ಸ್ಥಿತಿಯಲ್ಲಿದ್ದುಕೊಂಡೇ ತೀರ್ಪನ್ನು ಬರೆದುಬಿಡುವುದು.

'ಒಂದು ಅಗುಳನ್ನು ಹಿಸುಕಿದರೆ ಅನ್ನವೆಲ್ಲ ಬೆಂದಿತೋ ಇಲ್ಲವೋ ತಿಳಿಯುವುದಲ್ಲವೆ?' ಎಂದು ಸ್ಥಾಲೀಪುಲಾಕ ನ್ಯಾಯವನ್ನು ಮುಂದೊಡ್ಡುವ ಚತುರರೂ ಇರಬಹುದು. ಆ ನ್ಯಾಯವು ಸಲ್ಲುವುದು ಒಂದೇ ಪಾತ್ರೆಯಲ್ಲಿ ಒಂದೇ ಜಾತಿಯ ಅಕ್ಕಿಯು ಒಂದೇ ಉರಿಯಲ್ಲಿ ಬೇಯುತ್ತಿರುವಾಗ. ಒಂದು ಖಂಡವು ಒಂದು ಪಾತ್ರೆಯಲ್ಲ. ತಮ್ಮೂರಿನಲ್ಲಿಯೇ ಹೊಸದನ್ನು ಕಂಡೊಡನೆ ಕೊಟ್ಟ ತೀರ್ಪು ಸುಳ್ಳಾದ ದೃಷ್ಟಾಂತವು ಪ್ಯಾರಿಸ್ಸಿನಲ್ಲಿಯೇ ಇದೆ. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾವ ಐಫೆಲ್ ಗೋಪುರದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವನೋ ಅದೇ ಗೋಪುರವು 1887ರಲ್ಲಿ ಏಳತೊಡಗಿದಾಗ ಆ ನಗರದ ಪ್ರಸಿದ್ಧ ಲೇಖಕರೂ ಕಲಾವಿದರೂ ಅದು ನಗರಕ್ಕೆ ಕಳಂಕವೆಂದು ಬಹಿರಂಗ ಪತ್ರದಲ್ಲಿ ಪ್ರತಿಭಟಿಸಿದ್ದರು. ಕಥೆಗಾರ ಮೊಪಾಸಾನೂ ಅವರಲ್ಲೊಬ್ಬನು. ಇಪ್ಪತ್ತು ವರ್ಷಗಳ ಅನುಮತಿಯಿಂದ ನಿಂತ ಆ ಗೋಪುರವು ಇಂದಿಗೂ ನಿಂತಿದೆ. ತಾವು ಬಾಳುತ್ತಿದ್ದ ಊರಿನ ವಿಷಯದಲ್ಲಿ ಮೊಪಾಸಾನಂಥವರೇ ಎಡವಿದರೆಂದ ಮೇಲೆ, ಬೆಳಿಗ್ಗೆ ಬಂದಿಳಿದು ಸಂಜೆ ಹೊರಡುವವನ ತೀರ್ಪಿಗೆ ಬೆಲೆಯೆಷ್ಟು?

ವಿಷಯವನ್ನು ಒಂದೇ ಊರಿನಲ್ಲಿಟ್ಟು ಪರೀಕ್ಷಿಸುವುದು ಮೇಲು. ಜರ್ಮನಿಯ ನೈಋತ್ಯ ಭಾಗದಲ್ಲಿ ನೆಕ್ಕಾರ್ ನದಿಯ ದಡದ ಮೇಲೆ ಟ್ಯೂಬಿಂಗೆನ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಯ ವಿದ್ಯಾಪೀಠವು 1477ರಲ್ಲಿ ಸ್ಥಾಪಿತವಾದುದು. ಗ್ರಹಗಳ ಗತಿಯನ್ನು ನಿರ್ಣಯಿಸಿದ ಕೆಪ್ಲರನೂ ತತ್ತ್ವಜ್ಞ ಹೆಗೆಲನೂ ಅಲ್ಲಿ ಓದಿದವರು. ನದಿಯಲ್ಲಿ ಉದ್ದ ಜಲ್ಲೆಯೂರಿ ನಡೆಸುವ ದೋಣಿಗಳು, ನಡುಗಡ್ಡೆಯ ಮೇಲೆ ಸಾಲುಮರಗಳು, ಹೋಲ್ಡರ್ಲಿನ್ ಕವಿಯು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು 1807ರಿಂದ 1843ರ ವರೆಗೆ ಒಬ್ಬ ಬಡಗಿಯ ಆಶ್ರಯದಲ್ಲಿ ಬಾಳಿದ ಹಳದಿ ಗೋಪುರ, ಗುಡ್ಡದ ಮೇಲೊಂದು ಕೋಟೆ: ನೋಡಲು ಸೊಗಸಾದ ಊರು. ಕನ್ನಡ ವಿದ್ಯಾರ್ಥಿಯೊಬ್ಬನು ಇಲ್ಲಿಗೆ ಬಂದನೆಂದು ಭಾವಿಸೋಣ. ಆತನ ಪ್ರಥಮ ಪತ್ರದ ಒಂದೊಂದು ವಾಕ್ಯವನ್ನೂ ಹಿಡಿದು ನೋಡಬಹುದು.

ರೈಲು ಗಡಿಯಾರದಂತೆ ಓಡುವುದೆಂದು ಆತನು ಬರೆಯುವನು. ಜರ್ಮನ್ ರೈಲ್ವೆಯು ತಾನೇ ಪ್ರಕಟಿಸಿದ ಲೆಕ್ಕದಂತೆ 2024ರಲ್ಲಿ ದೂರ ಪ್ರಯಾಣದ ರೈಲುಗಳಲ್ಲಿ ನೂರಕ್ಕೆ ಸುಮಾರು 62 ಮಾತ್ರ ವೇಳೆಗೆ ತಲಪಿದುವು. ಐದಾರು ನಿಮಿಷಗಳ ತಡವನ್ನು ತಡವೆಂದು ಎಣಿಸದೆ ಬಂದ ಲೆಕ್ಕವಿದು. ನಿಲ್ದಾಣದಲ್ಲಿ ಕಾಯುತ್ತಿರುವ ಜರ್ಮನರೆಲ್ಲರೂ ಗೊಣಗುತ್ತಿರುವಾಗ ಅವರ ನಡುವೆ ನಿಂತ ಕನ್ನಡಿಗನೊಬ್ಬನೇ ರೈಲಿನ ಸಮಯಪಾಲನೆಯನ್ನು ಹೊಗಳುತ್ತಿರುವನು. ಇದೇಕೆ? ಆ ವಾಕ್ಯವನ್ನು ಆತನು ರೈಲಿನಿಂದ ಪಡೆಯಲಿಲ್ಲ. ಹೊರಡುವ ಮುನ್ನ ಓದಿದ ಹಳೆಯ ಪ್ರವಾಸಕಥನಗಳಿಂದ ಪಡೆದನು. ಪ್ರಥಮ ನೋಟದ ಹೊಸತನವನ್ನು ಎತ್ತಿಹಿಡಿಯುವವರು ಇದಕ್ಕೆ ಉತ್ತರವನ್ನು ಹೇಳಬೇಕು. ನೋಟವು ಹೊಸದು, ವಾಕ್ಯವು ಅಜ್ಜನ ಕಾಲದ್ದು!

ಬೀದಿಗಳ ಶುಚಿತ್ವವನ್ನು ಕುರಿತು ಆತನು ಬರೆಯುವುದು ಸುಳ್ಳಲ್ಲ. ಆದರೆ ಅದು ಆ ಜನರ ರಕ್ತಗುಣವೆಂಬಂತೆ ಬರೆಯುವನು. ಆ ಸೀಮೆಯಲ್ಲಿ 'ಕೇರ್‌ವೋಖ' ಎಂಬ ಪದ್ಧತಿಯಿದೆ. ಗುಡಿಸುವ ವಾರವೆಂದು ಅದರ ಅರ್ಥ. ಒಂದು ಕಟ್ಟಡದಲ್ಲಿ ವಾಸಿಸುವ ಮನೆಗಳವರು ಸರದಿಯ ಮೇಲೆ ವಾರಕ್ಕೊಬ್ಬರಂತೆ ಮೆಟ್ಟಿಲುಗಳನ್ನೂ ಮುಂಗಾಲುದಾರಿಯನ್ನೂ ಗುಡಿಸಬೇಕು, ಹಿಮ ಬಿದ್ದರೆ ಬಾಚಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಫಲಕವನ್ನು ತಗುಲಿಹಾಕುವರು. ಎಷ್ಟೋ ಮನೆಗಳ ಬಾಡಿಗೆಯ ಕರಾರಿನಲ್ಲಿಯೇ ಇದು ಬರೆದಿರುವುದು. ಇದರ ಮೂಲವನ್ನು ಹದಿನೈದನೆಯ ಶತಮಾನದ ಕಟ್ಟಳೆಗಳವರೆಗೆ ಹಿಡಿಯುತ್ತಾರೆ; ಪ್ರತಿಯೊಬ್ಬನೂ ವಾರವಾರವೂ ತನ್ನ ಕಸವನ್ನು ಊರ ಹೊರಗೆ ಸಾಗಿಸಬೇಕೆಂದು 1492ರಲ್ಲಿಯೇ ಸ್ಟುಟ್‌ಗಾರ್ಟ್ ನಗರಕ್ಕೆ ವಿಧಿಯಾಗಿದ್ದಿತು. ಕಟ್ಟಳೆಯಿಂದ ವಿಧಿಸಬೇಕಾಯಿತೆಂದರೆ ಆ ಜನರು ಹುಟ್ಟಿನಿಂದ ಶುಚಿಗಳಾಗಿರಲಿಲ್ಲವೆಂದೇ ಅರ್ಥ. ವಿದ್ಯಾರ್ಥಿಗೆ ಮೂರನೆಯ ತಿಂಗಳಿನಲ್ಲಿ ತನ್ನ ಬಾಗಿಲ ಮೇಲೆ ಆ ಫಲಕವು ಕಂಡಾಗ, ಮೂಲೆಯನ್ನು ಬಿಟ್ಟು ಗುಡಿಸಿದುದಕ್ಕಾಗಿ ಕೆಳಮನೆಯ ವೃದ್ಧೆಯು ಬಂದು ಕದ ತಟ್ಟಿದಾಗ, ಬೀದಿಯು ಏಕೆ ಶುಚಿಯಾಗಿದೆಯೆಂಬುದು ಮೊದಲ ಬಾರಿಗೆ ತಿಳಿಯುವುದು. ಒಂಟಿಯಾಗಿ ಬಾಳುವ ಅನಾಥೆಯೆಂದು ಯಾರ ವಿಷಯದಲ್ಲಿ ಮರುಗಿದ್ದನೋ ಆಕೆಯೇ ಇಡೀ ಕಟ್ಟಡವನ್ನು ಅಂಕೆಯಲ್ಲಿಟ್ಟಿರುವಳೆಂಬುದೂ ಆಗ ತಿಳಿಯುವುದು. ತಾಯ್ನಾಡಿನ ಬೀದಿಗಳಿಗೆ ಪ್ರಯೋಜನವಾಗತಕ್ಕ ಸುದ್ದಿಯು ಇದು. ಆದರೆ ಅಷ್ಟರಲ್ಲಿ ಲೇಖನವು ಅಚ್ಚಾಗಿ ಮುಗಿದಿರುವುದು.

ಪ್ರಾಚೀನ ಕಟ್ಟಡಗಳ ಮಾತೂ ಹೀಗೆಯೆ. ಟ್ಯೂಬಿಂಗೆನ್ನಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಉಲ್ಮ್ ನಗರದ ಮಹಾದೇವಾಲಯವನ್ನು ನೋಡಿ, ಎತ್ತರ 161 ಮೀಟರು, ಮೆಟ್ಟಿಲು 768 ಎಂದು ವಿದ್ಯಾರ್ಥಿಯು ಬರೆದುಕೊಳ್ಳುವನು. 1890ರಿಂದ 2025ರ ವರೆಗೆ ಜಗತ್ತಿನ ಕ್ರೈಸ್ತ ದೇವಾಲಯಗಳಲ್ಲಿ ಅದೇ ಅತ್ಯುನ್ನತವಾಗಿದ್ದಿತು. ಆಮೇಲೆ ಬಾರ್ಸಿಲೋನದ ದೇವಾಲಯವು ಅದನ್ನು ಮೀರಿತು. ಆದರೆ ಆತನು ಕೇಳಬೇಕಾಗಿದ್ದ ಪ್ರಶ್ನೆಯು ಎತ್ತರದ್ದಲ್ಲ. 1377ರಲ್ಲಿ ಅಡಿಗಲ್ಲನ್ನಿಟ್ಟವರು ಅರಸರಲ್ಲ, ಧರ್ಮಾಧಿಪತಿಗಳಲ್ಲ. ಊರಿನ ನಾಗರಿಕರು ತಮ್ಮ ಹಣದಿಂದ ಕಟ್ಟತೊಡಗಿದರು. 1530ರಲ್ಲಿ ಅದೇ ನಾಗರಿಕರು ಮತಸುಧಾರಣೆಯ ಪಕ್ಷಕ್ಕೆ ಮತವನ್ನಿತ್ತರು. 1543ರಲ್ಲಿ ಕೆಲಸವು ನಿಂತಿತು. ಮುನ್ನೂರು ವರ್ಷ ಶಿಖರವು ಮೊಂಡಾಗಿಯೇ ಇದ್ದು, 1844ರಲ್ಲಿ ಕೆಲಸವು ಪುನಃ ಆರಂಭವಾಯಿತು. ತಾತಂದಿರು ಆರಂಭಿಸಿದುದನ್ನು ಹತ್ತು ತಲೆಮಾರುಗಳ ಅನಂತರ ಏಕೆ ಮುಗಿಸಿದರೆಂದು ಕೇಳಿದ್ದರೆ ಆ ದೇಶದ ಚರಿತ್ರೆಯ ಬಾಗಿಲು ತೆರೆಯುತ್ತಿದ್ದಿತು. ಮೆಟ್ಟಿಲುಗಳನ್ನೆಣಿಸಿದುದರಿಂದ ಕಾಲು ನೋವು ಮಾತ್ರ ಬಂದಿತು.

ದೇವಾಲಯದ ಸುತ್ತಲಿನ ಹಳೆಯ ಊರನ್ನು ಜರ್ಮನರು ಕಾಪಾಡಿಕೊಂಡಿರುವರೆಂದು ಆತನು ಹೊಗಳುವನು. 1944ರ ಡಿಸೆಂಬರಿನ ಬಾಂಬುದಾಳಿಯಲ್ಲಿ ಆ ಹಳೆಯ ಊರಿನ ಬಹುಭಾಗವು ನಾಶವಾಗಿ ಹೋಯಿತು; ಈಗ ಕಾಣುವುದರಲ್ಲಿ ಹೆಚ್ಚಿನದು ಯುದ್ಧಾನಂತರ ಕಟ್ಟಿದ್ದು. ಡ್ರೆಸ್ಡೆನ್ ನಗರದಲ್ಲಿ 1945ರ ಫೆಬ್ರವರಿಯಲ್ಲಿ ಕುಸಿದ ಫ್ರೌವೆನ್‌ಕಿರ್ಖ ದೇವಾಲಯವನ್ನು 1994ರಿಂದ 2005ರ ವರೆಗೆ ಮತ್ತೆ ಕಟ್ಟಿದರು. ಗೋಡೆಯಲ್ಲಿ ಅಲ್ಲಲ್ಲಿ ಕಪ್ಪಾಗಿ ಕಾಣುವ ಕಲ್ಲುಗಳು ಅವಶೇಷಗಳಿಂದ ಆಯ್ದು ಇಟ್ಟ ಹಳೆಯವು, ತಿಳಿ ಬಣ್ಣದವು ಹೊಸವು. ಅದು ತಿಳಿಯದವನ ಕಣ್ಣಿಗೆ ಅದೊಂದು ಮಾಸಿದ ಗೋಡೆ. ಇಲ್ಲಿ ಕಣ್ಣಿನ ದೋಷವೇನೂ ಇಲ್ಲ; ಕೇಳುವ ಮನಸ್ಸು ಇಲ್ಲದಿರುವುದೇ ದೋಷ.

ಇನ್ನು ಟ್ಯೂಬಿಂಗೆನ್ನಿನ ಕೋಟೆಗೆ ಹಿಂದಿರುಗೋಣ. ಅದರ ಮೇಲೆ ನಿಂತು ಕೆಂಪು ಹೆಂಚುಗಳ ಊರನ್ನು ಚಿತ್ರಿಸಿಕೊಳ್ಳದವನಿಲ್ಲ. ಆ ಕೋಟೆಯ ಹಳೆಯ ಅಡುಗೆಮನೆಯನ್ನು ವಿದ್ಯಾಪೀಠವು ರಸಾಯನ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡಿದ್ದ ಕಾಲದಲ್ಲಿ, 1869ರಲ್ಲಿ, ಬಾಸೆಲ್ ನಗರದಿಂದ ಕಲಿಯಲು ಬಂದಿದ್ದ ಫ್ರೀಡ್ರಿಶ್ ಮೀಷರ್ ಎಂಬ ತರುಣನು, ಆಸ್ಪತ್ರೆಯಲ್ಲಿ ಬಿಚ್ಚಿ ಎಸೆದ ಬಟ್ಟೆಪಟ್ಟಿಗಳ ಕೀವಿನಿಂದ ಅಣುಕೋಶದ ಬೀಜಭಾಗದ ಒಂದು ಹೊಸ ದ್ರವ್ಯವನ್ನು ಬೇರ್ಪಡಿಸಿದನು. ಇಂದು ಡಿ.ಎನ್.ಎ. ಎಂದು ಮಕ್ಕಳೂ ಹೇಳುವ ವಸ್ತುವದು. ಆತನೂ ಪರದೇಶದಿಂದ ಬಂದ ವಿದ್ಯಾರ್ಥಿಯೇ, ಆಗ ಇಪ್ಪತ್ತೈದರ ಆಸುಪಾಸಿನವನು. ಜೀವಶಾಸ್ತ್ರವನ್ನೋದಲು ಸಾಲಮಾಡಿ ಹೋದ ಕನ್ನಡ ಬಾಲಕನು ಅದೇ ಕೋಟೆಯ ಗೋಡೆಗೊರಗಿ ಚಿತ್ರ ತೆಗೆಸಿಕೊಂಡು, ಕೆಳಗಿನ ಅಡುಗೆಮನೆಗೆ ಇಳಿಯದೆ ಹಿಂದಿರುಗಿದರೆ ಅದನ್ನು ಏನೆಂದು ಕರೆಯಬೇಕು?

ಹೊಗಳಿಕೆಯ ಪತ್ರಗಳಲ್ಲಿ ಸ್ಥಳವಿಲ್ಲದ ಸಂಗತಿಗಳೂ ಆ ಊರಿನಲ್ಲುಂಟು. 1938ರ ನವೆಂಬರ್ 9ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅಲ್ಲಿಯ ಯೆಹೂದ್ಯರ ಪ್ರಾರ್ಥನಾಮಂದಿರವನ್ನು ಸುಟ್ಟುಹಾಕಿದರು. ನಾತ್ಸಿಗಳ ಆಳಿಕೆಯ ಕಾಲದಲ್ಲಿ ಮರಣದಂಡನೆಗೀಡಾದವರು, ಯುದ್ಧಕೈದಿಗಳು, ಬಲಾತ್ಕಾರದ ದುಡಿಮೆಗೆ ತಂದವರು ಮೊದಲಾದ ನೂರಾರು ಜನರ ದೇಹಗಳನ್ನು ವಿದ್ಯಾಪೀಠದ ಅಂಗಚ್ಛೇದಶಾಲೆಯು ಪಾಠಕ್ಕಾಗಿ ಬಳಸಿಕೊಂಡಿತು; ಊರ ಸ್ಮಶಾನದಲ್ಲಿ ಅವರಿಗಾಗಿಯೇ ಒಂದು ಭಾಗವಿದೆ. ಅದೇ ಸ್ಮಶಾನದಲ್ಲಿ ಹೋಲ್ಡರ್ಲಿನ್ ಕವಿಯ ಸಮಾಧಿಯೂ ಇದೆ. ಕೆಪ್ಲರ್, ಹೆಗೆಲರು ಕಲಿತ ವಿದ್ಯಾಪೀಠಕ್ಕೇ ಇಂಥ ಪತನವು ಹೇಗೆ ಒದಗಿತೆಂಬುದು ವಿದ್ಯಾರ್ಥಿಯಾದವನು ಕೇಳಬೇಕಾದ ಪ್ರಶ್ನೆ. ಅಲ್ಲಿಯ ಜನರು ತಾವೇ ಫಲಕಗಳನ್ನು ನೆಟ್ಟು ಅದನ್ನು ಬರೆದಿಟ್ಟಿರುವರು. ಯಜಮಾನನೇ ತೋರಿಸುತ್ತಿರುವ ಕೋಣೆಗೆ ಅತಿಥಿಯು ಬೆನ್ನು ತಿರುಗಿಸುವುದು ಶಿಷ್ಟಾಚಾರವೆನಿಸದು.

ಈ ವಾದಕ್ಕೆ ಕಿರೀಟಪ್ರಾಯವಾದ ಸಂಗತಿಯೊಂದಿದೆ. ಕನ್ನಡದ ಮಹಾನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್ಲರು ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ಕಣ್ಮುಚ್ಚಿದುದು ಇದೇ ಟ್ಯೂಬಿಂಗೆನ್ನಿನಲ್ಲಿ. ಅವರಿಗೆ 1896ರಲ್ಲಿ ಪಂಡಿತಪದವಿಯನ್ನಿತ್ತು ಗೌರವಿಸಿದುದು ಇದೇ ವಿದ್ಯಾಪೀಠ. 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರನ್ನೂ ಇದೇ ವಿದ್ಯಾಪೀಠವು ಸನ್ಮಾನಿಸಿದ್ದಿತು. ಬೋಟ್‌ಲಿಂಕ್ ಪಂಡಿತರೊಡಗೂಡಿ 1855ರಿಂದ 1875ರ ವರೆಗೆ ಏಳು ಸಂಪುಟಗಳ ಸಂಸ್ಕೃತ ಮಹಾಕೋಶವನ್ನು ಹೊರತಂದ ರೂಡಾಲ್ಫ್ ರೋಟರು ಇಲ್ಲಿಯೇ ಅಧ್ಯಾಪಕರಾಗಿದ್ದರು. ಕನ್ನಡಕ್ಕೆ ಇಷ್ಟು ಹತ್ತಿರವಾದ ಊರು ಯೂರೋಪು ಖಂಡದಲ್ಲಿ ಮತ್ತೊಂದು ಸಿಕ್ಕುವುದು ಕಷ್ಟ. ಆದರೂ ಪ್ರಥಮ ಪತ್ರದಲ್ಲಿ ದೋಣಿಯ ಚಿತ್ರವಿರುವುದು, ಗೋಪುರದ ಚಿತ್ರವಿರುವುದು, ಕಿಟ್ಟೆಲ್ಲರ ಹೆಸರಿರದು.

ಕಿಟ್ಟೆಲ್ಲರು ಭಾರತಕ್ಕೆ ಬಂದುದು 1853ರಲ್ಲಿ. ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದುದು 1894ರಲ್ಲಿ. ನಡುವೆ ನಲವತ್ತು ವರ್ಷಗಳು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದುಕೊಂಡು ಜನರ ಮಾತನ್ನು ಕಿವಿಗೊಟ್ಟು ಕೇಳಿ, ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಪರಿಷ್ಕರಿಸಿ ಅಚ್ಚುಹಾಕಿಸಿ, ಆಮೇಲೆ ಸುಮಾರು 70 ಸಾವಿರ ಶಬ್ದಗಳ ಕೋಶವನ್ನು ಕೊಟ್ಟರು. ಅವರು ಮತಪ್ರಚಾರಕ್ಕಾಗಿ ಬಂದವರಲ್ಲವೆ ಎಂದು ಆಕ್ಷೇಪಿಸಬಹುದು, ನಿಜ. ಇಲ್ಲಿಯ ಆಚಾರಗಳನ್ನು ಕಂಡಕೂಡಲೇ ಖಂಡಿಸಿ ಊರಿಗೆ ಬರೆದವರು ಆ ಪ್ರಚಾರಕರಲ್ಲಿ ಇಲ್ಲದಿರಲಿಲ್ಲ. ಆ ದುಡುಕಿನ ಬರಹಗಳನ್ನು ಇಂದು ಓದುವವರಾರು? ನಿಘಂಟು ಮಾತ್ರ ವಿದ್ವಾಂಸರ ಕೈಯಲ್ಲಿ ಉಳಿಯಿತು. ಅಲ್ಲಿಂದ ಬಂದವನು ಇಲ್ಲಿಯ ಮಾತನ್ನು ಅರಿಯಲು ನಲವತ್ತು ವರ್ಷಗಳನ್ನು ತೆತ್ತಿರುವಾಗ, ಇಲ್ಲಿಂದ ಹೋದವನು ಅಲ್ಲಿಯ ಭಾಷೆಯಲ್ಲಿ ರೊಟ್ಟಿಯನ್ನು ಕೊಳ್ಳುವಷ್ಟನ್ನೂ ಕಲಿಯುವ ಮೊದಲೇ ಒಂದು ಖಂಡವನ್ನು ತೂಗಿ ಬೆಲೆಕಟ್ಟುವುದು ನ್ಯಾಯವೆ?

ಆದರೆ ಅಪರಾಧವನ್ನೆಲ್ಲ ವಿದ್ಯಾರ್ಥಿಯ ತಲೆಗೆ ಕಟ್ಟುವುದು ಸರಿಯಲ್ಲ. ದೊಡ್ಡ ಪಾಲು ಮನೆಯವರದು. ಜರ್ಮನಿಗೆ ಹೋಗುವ ವಿದ್ಯಾರ್ಥಿಯು ಒಂದು ವರ್ಷದ ಜೀವನವೆಚ್ಚವಾಗಿ 11,904 ಯೂರೋಗಳನ್ನು ನಿರ್ಬಂಧಿತ ಖಾತೆಯಲ್ಲಿ ಮುಂಗಡವಾಗಿ ಇಟ್ಟು ತೋರಿಸಬೇಕೆಂದು 2024ರ ಸೆಪ್ಟೆಂಬರಿನಿಂದ ಗೊತ್ತುಮಾಡಿದರು. ಇದಕ್ಕಾಗಿ ಹೊಲವನ್ನು ಅಡವಿಟ್ಟವರಿದ್ದಾರೆ, ನಿವೃತ್ತಿಯ ಹಣವನ್ನು ಕೊಟ್ಟವರಿದ್ದಾರೆ. ಕೊಟ್ಟ ಹಣವು ಸಾರ್ಥಕವಾಯಿತೆಂದು ಕಣ್ಣಾರೆ ಕಾಣಬೇಕೆಂಬ ಆಶೆಯು ಸಹಜ. ಸೋದರತ್ತೆಯು ಐಫೆಲ್ ಗೋಪುರವನ್ನು ಕೇಳುವಳು, ಚಿಕ್ಕಪ್ಪನು ರೋಮಾಪುರವನ್ನು ಕೇಳುವನು. ಆ ವೇಳೆಗೆ ಹುಡುಗನ ಸ್ಥಿತಿಯೇನು? ನೆಲೆಯಾದ ಕೋಣೆಯು ಸಿಕ್ಕಿರದು. ನಾಲ್ಕು ಗಂಟೆಗೆ ಕತ್ತಲಾಗುವ ಚಳಿಗಾಲವು ಮನಸ್ಸನ್ನು ಕುಗ್ಗಿಸುತ್ತಿರುವುದು. ಅಧ್ಯಾಪಕರ ಮಾತಿನಲ್ಲಿ ಅರ್ಧವು ಅರ್ಥವಾಗಿರದು. ಮಾತನಾಡಲು ಒಂದು ಜೀವವಿರದು. ಇದನ್ನು ಬರೆದರೆ ಮನೆಯವರು ಹೆದರುವರೆಂದು ಬರೆಯನು. ಅಗ್ಗದ ಬಸ್ಸನ್ನು ಹಿಡಿದು ರಾತ್ರಿಯೆಲ್ಲ ಕುಳಿತು ಪ್ಯಾರಿಸ್ಸಿಗೆ ಹೋಗಿ, ಗೋಪುರದ ಮುಂದೆ ನಗುತ್ತ ನಿಂತು, ಆ ನಗುವನ್ನು ಮನೆಗೆ ಕಳುಹಿಸುವನು. ಮನೆಯಲ್ಲಿ ಸಂತೋಷ, ಅಲ್ಲಿ ಹಿಂದಿನ ವಾರದ ಪಾಠವು ಹಿಂದೆಯೇ ಬಿದ್ದಿರುವುದು. ಪ್ರಥಮ ಪತ್ರದ ದೊಡ್ಡ ಕೆಡುಕು ಇದೇ: ಮಗನ ಕಷ್ಟವು ಅತ್ಯಂತ ಹೆಚ್ಚಾಗಿರುವ ತಿಂಗಳುಗಳಲ್ಲಿಯೇ ಅದು ಆ ಕಷ್ಟವನ್ನು ಹೆತ್ತವರಿಂದ ಮರೆಮಾಡುವುದು. ಬೇಡಿದವರೂ ಅವರೇ, ಮೋಸಹೋದವರೂ ಅವರೇ.

ಹಾಗಾದರೆ ಪತ್ರವೇ ಬೇಡವೆ? ಬೇಕು, ಹೆಚ್ಚಾಗಿಯೇ ಬೇಕು. ಮೊದಲ ವರ್ಷದಲ್ಲಿ ಬರೆಯತಕ್ಕ ಪತ್ರಗಳು ಬೇರೆ ಬಗೆಯವಾಗಿರಲಿ. ತಂದೆತಾಯಿಗಳು ಯಾವ ಗೋಪುರವನ್ನು ನೋಡಿದೆಯೆಂದು ಕೇಳುವುದನ್ನು ಬಿಟ್ಟು, ಯಾವ ಪಾಠವು ಅರ್ಥವಾಗಲಿಲ್ಲ, ಈ ವಾರ ಎಷ್ಟು ಜರ್ಮನ್ ಮಾತುಗಳನ್ನು ಕಲಿತೆ, ಗುಡಿಸುವ ಸರದಿಯು ಯಾರದು, ಅಕ್ಕಿಗೆ ಬೆಲೆಯೆಷ್ಟು, ಕೋಣೆಯು ಬೆಚ್ಚಗಿದೆಯೆ, ಯಾರೊಡನೆ ಕುಳಿತು ಉಣ್ಣುವೆ ಎಂದು ಕೇಳಲಿ. ವಿದ್ಯಾರ್ಥಿಯು ಕಂಡುದನ್ನು ಟಿಪ್ಪಣಿಯ ಪುಸ್ತಕದಲ್ಲಿ ಬರೆದಿಡಲಿ. ಮೊದಲ ನೋಟದ ಹೊಸತನವು ಅಲ್ಲಿ ಕೆಡದೆ ಉಳಿಯುವುದು. ತೀರ್ಪನ್ನು ಮಾತ್ರ ಭಾಷೆಯು ನಾಲಗೆಗೆ ಬರುವ ವರೆಗೆ ತಡೆದಿಡಲಿ. ಎರಡು ವರ್ಷಗಳಾದ ಮೇಲೆ ಆ ಟಿಪ್ಪಣಿಯನ್ನು ತಾನೇ ತೆರೆದು, ಎಲ್ಲಿ ಸರಿಯಾಗಿ ಕಂಡೆ, ಎಲ್ಲಿ ತಪ್ಪಿದೆ ಎಂದು ಗುರುತುಹಾಕಿ ಬರೆದರೆ, ಆ ಲೇಖನವನ್ನು ಓದಲು ಕಾದಿರುವವರು ಈ ನಾಡಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಪತ್ರಿಕೆಗಳ ಸಂಪಾದಕರೂ ಮೂರು ತಿಂಗಳ ಪ್ರವಾಸಲೇಖನವನ್ನು ಸೌಜನ್ಯದಿಂದ ಹಿಂದಿರುಗಿಸಿ, ಮೂರು ವರ್ಷಗಳ ಮೇಲೆ ಕಳುಹಿಸುವಂತೆ ಬರೆಯುವ ಧೈರ್ಯವನ್ನು ತಂದುಕೊಳ್ಳಲಿ.

ಹೊರಡುವ ಮುನ್ನ ವಿದ್ಯಾರ್ಥಿಯು ಒಂದು ಸಂಜೆಯ ಹೊತ್ತು ಕಿಟ್ಟೆಲ್ಲರ ನಿಘಂಟನ್ನು ತೆರೆದು, ತಾನು ದಿನವೂ ಆಡುವ ಹತ್ತು ಮಾತುಗಳನ್ನು ಅದರಲ್ಲಿ ಹುಡುಕಿ ನೋಡಲಿ. ಒಬ್ಬ ಪರದೇಶಿಯು ಪರರ ಮನೆಯ ಮಾತನ್ನು ಎಷ್ಟು ಕಾಲ, ಎಷ್ಟು ತಾಳ್ಮೆಯಿಂದ ಕೇಳಿದನೆಂಬುದು ಅವನಿಗೆ ಆಗ ಗೊತ್ತಾಗುವುದು. ಅದು ಗೊತ್ತಾದ ಮೇಲೆ ವಿಮಾನವನ್ನು ಹತ್ತಲಿ.